ಆಪ್ತನಾರು? ಕುಲಾಂತರಿ ಬದನೆಯ ವಿವಾದದಲ್ಲಿ ಪ್ರಮಾಣದ ಪ್ರಶ್ನೆ

ಆಧುನಿಕ ರಾಜ್ಯವ್ಯವಸ್ಥೆಯಲ್ಲಿ ಬದುಕುವ ಮನುಷ್ಯನು ತಾನು ಎಂದೂ ಸ್ವತಃ ಪರೀಕ್ಷಿಸಲಾರದ ಅನೇಕ ಸಂಗತಿಗಳನ್ನು ಇತರರ ಮಾತಿನ ಮೇಲೆ ನಂಬಿ ನಡೆಯಬೇಕಾಗುತ್ತದೆ. ಅಣುಸ್ಥಾವರದ ಕವಚ ಎಷ್ಟು ಭದ್ರ, ಲಸಿಕೆಯ ಅಡ್ಡಪರಿಣಾಮ ಎಷ್ಟು, ಹೊಸ ಬೀಜದಿಂದ ಬೆಳೆದ ಕಾಯಿ ತಿನ್ನಲು ಯೋಗ್ಯವೇ ಎಂಬ ಪ್ರಶ್ನೆಗಳಿಗೆ ಕಣ್ಣಾಗಲಿ ನಾಲಗೆಯಾಗಲಿ ಉತ್ತರ ಕೊಡುವುದಿಲ್ಲ. ಸಾಮಾನ್ಯನ ಊಹೆಯೂ ಅಲ್ಲಿಯವರೆಗೆ ಚಾಚುವುದಿಲ್ಲ. ಹೀಗೆ ಮತ್ತೊಬ್ಬರ ಮಾತಿನಿಂದ ಹುಟ್ಟುವ ಜ್ಞಾನವನ್ನು ಭಾರತೀಯ ತರ್ಕಶಾಸ್ತ್ರವು ಶಬ್ದಪ್ರಮಾಣವೆಂದು ಕರೆದು, ಪ್ರತ್ಯಕ್ಷ ಮತ್ತು ಅನುಮಾನಗಳ ಜೊತೆಗೆ ಅದಕ್ಕೂ ಒಂದು ಸ್ಥಾನ ಕೊಟ್ಟಿದೆ. ವಿಜ್ಞಾನ, ತಂತ್ರಜ್ಞಾನ ಮತ್ತು ಚಳವಳಿಗಳ ನಡುವೆ ಸಾರ್ವಜನಿಕವಾಗಿ ನಡೆಯುವ ಜಗಳಗಳ ಬುಡದಲ್ಲಿ ಇರುವುದು ಈ ಶಬ್ದಪ್ರಮಾಣದ ಪ್ರಶ್ನೆಯೇ. ಆದರೆ ಅದು ಬಹುಮಟ್ಟಿಗೆ ವಿಜ್ಞಾನಿಯನ್ನು ನಂಬಬೇಕೋ ಚಳವಳಿಗಾರನನ್ನು ನಂಬಬೇಕೋ ಎಂಬ ರೂಪದಲ್ಲಿ ಕೇಳಿಬರುತ್ತದೆ. ಪ್ರಶ್ನೆಯ ಈ ರೂಪವೇ ತಪ್ಪು ದಾರಿಗೆ ಎಳೆಯುತ್ತದೆಂಬುದನ್ನೂ, ಅದನ್ನು ಸರಿಯಾಗಿ ಕೇಳುವ ಸಾಧನಗಳು ಈ ನೆಲದ ಪ್ರಮಾಣಶಾಸ್ತ್ರದಲ್ಲಿಯೇ ಇವೆಯೆಂಬುದನ್ನೂ 2010ರ ಬಿಟಿ ಬದನೆಯ ವಿವಾದವು ಚೆನ್ನಾಗಿ ತೋರಿಸಿಕೊಡುತ್ತದೆ.

ಬದನೆ ಬೆಳೆಯುವ ರೈತನ ದೊಡ್ಡ ಶತ್ರು ಕುಡಿ ಮತ್ತು ಕಾಯಿ ಕೊರಕ ಎಂಬ ಹುಳು. ಒಮ್ಮೆ ಕಾಯಿಯ ಒಳಹೊಕ್ಕ ಮೇಲೆ ಔಷಧಿಯ ಸಿಂಪಡಣೆ ಅದಕ್ಕೆ ತಾಗುವುದಿಲ್ಲವಾದ್ದರಿಂದ, ಹುಳು ಹೊಗುವ ಮುನ್ನವೇ ಕೊಲ್ಲಬೇಕೆಂದು ರೈತರು ಮೇಲಿಂದ ಮೇಲೆ ಕೀಟನಾಶಕ ಹೊಡೆಯುತ್ತಾರೆ. ಮಣ್ಣಿನಲ್ಲಿ ಸಹಜವಾಗಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಇಂಥ ಹುಳುಗಳನ್ನು ಕೊಲ್ಲುವ ಪ್ರೋಟೀನೊಂದನ್ನು ತಯಾರಿಸುತ್ತದೆ. ಬಿಟಿ ಎಂಬುದು ಆ ಬ್ಯಾಕ್ಟೀರಿಯಾದ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ಪ್ರೋಟೀನನ್ನು ತಯಾರಿಸುವ ವಂಶವಾಹಿಯನ್ನು, ಅಂದರೆ ಜೀನನ್ನು, ಬದನೆಯ ಗಿಡಕ್ಕೆ ಸೇರಿಸಿ ಗಿಡವೇ ತನ್ನನ್ನು ಕಾಪಾಡಿಕೊಳ್ಳುವಂತೆ ಮಾಡಿದ ತಳಿಯೇ ಬಿಟಿ ಬದನೆ. ಒಂದು ಕುಲದ ಜೀವಿಯ ವಂಶವಾಹಿಯನ್ನು ಮತ್ತೊಂದು ಕುಲಕ್ಕೆ ದಾಟಿಸಿ ಪಡೆದ ಇಂಥ ತಳಿಗಳನ್ನು ಕನ್ನಡದಲ್ಲಿ ಕುಲಾಂತರಿ ಎಂದು ಕರೆಯುವುದು ರೂಢಿಯಾಗಿದೆ. ಮಾನ್ಸಾಂಟೊ ಕಂಪನಿಯ ತಂತ್ರಜ್ಞಾನವನ್ನು ಬಳಸಿ ಮಹಿಕೋ ಕಂಪನಿಯು ಈ ಬದನೆಯನ್ನು ರೂಪಿಸಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವೂ ಅದೇ ವಂಶವಾಹಿಯನ್ನು ಸ್ಥಳೀಯ ತಳಿಗಳಿಗೆ ಸೇರಿಸುವ ಕೆಲಸದಲ್ಲಿ ಪಾಲುದಾರರಾದವು.

ಕೇಂದ್ರ ಪರಿಸರ ಸಚಿವಾಲಯದ ಅಡಿಯಲ್ಲಿ ಇಂಥ ತಳಿಗಳನ್ನು ಪರಿಶೀಲಿಸುವ ತಜ್ಞರ ಸಮಿತಿಯು 2009ರ ಅಕ್ಟೋಬರ್ 14ರಂದು ಬಿಟಿ ಬದನೆಗೆ ಹಸಿರು ನಿಶಾನೆ ತೋರಿತು. ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಅದನ್ನು ಅಷ್ಟಕ್ಕೇ ಅಂಗೀಕರಿಸದೆ, 2010ರ ಜನವರಿ ಮತ್ತು ಫೆಬ್ರವರಿಯಲ್ಲಿ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನಾ ಸಭೆಗಳನ್ನು ನಡೆಸಿದರು. ಕೋಲ್ಕತ್ತದಲ್ಲಿ ಶುರುವಾದ ಈ ಸರಣಿಯ ಕೊನೆಯ ಸಭೆ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆಯಿತು. ರೈತರು, ವಿಜ್ಞಾನಿಗಳು, ಬೀಜ ಕಂಪನಿಗಳ ಪ್ರತಿನಿಧಿಗಳು, ವೈದ್ಯರು, ಗ್ರಾಹಕರು ಹೀಗೆ ಸುಮಾರು ಎಂಟು ಸಾವಿರ ಮಂದಿ ಈ ಸಭೆಗಳಲ್ಲಿ ಭಾಗವಹಿಸಿದರು. ಬೆಂಗಳೂರಿನ ಸಭೆ ಮುಗಿದ ಮೂರೇ ದಿನಕ್ಕೆ, ಅಂದರೆ ಫೆಬ್ರವರಿ 9ರಂದು, ಸಚಿವರು ಬಿಟಿ ಬದನೆಯ ಬಿಡುಗಡೆಗೆ ತಡೆ ಘೋಷಿಸಿದರು. ವಿಜ್ಞಾನಿಗಳಲ್ಲೇ ಒಮ್ಮತವಿಲ್ಲದಿರುವುದು, ಹಲವು ರಾಜ್ಯ ಸರ್ಕಾರಗಳು ವಿರೋಧಿಸಿರುವುದು, ಜನರ ಮನಸ್ಸು ಒಪ್ಪದಿರುವುದು, ಅನುಮಾನವಿರುವಲ್ಲಿ ಎಚ್ಚರಿಕೆಯ ಹೆಜ್ಜೆಯೇ ಸರಿಯೆನ್ನುವ ಮುಂಜಾಗ್ರತಾ ತತ್ತ್ವ ಇವು ಅವರು ಕೊಟ್ಟ ಕಾರಣಗಳು.

ಈ ನಿರ್ಧಾರವನ್ನು ಕೆಲವರು ಅಂಧವಿಶ್ವಾಸವು ವಿಜ್ಞಾನವನ್ನು ಮಣಿಸಿದ ದಿನವೆಂದು ಹಳಿದರೆ, ಮತ್ತೆ ಕೆಲವರು ಜನಶಕ್ತಿಯು ಕಂಪನಿಯನ್ನು ಮಣಿಸಿದ ದಿನವೆಂದು ಕೊಂಡಾಡಿದರು. ಎರಡು ವ್ಯಾಖ್ಯಾನಗಳೂ ವಿವಾದದ ಎರಡು ಬದಿಯಲ್ಲಿ ಎರಡು ಜಾತಿಯ ಜನರಿದ್ದಾರೆಂದು ಗ್ರಹಿಸುತ್ತವೆ. ವಾಸ್ತವದಲ್ಲಿ ಆ ಗೆರೆ ಎಷ್ಟು ತೆಳುವಾಗಿತ್ತೆಂಬುದಕ್ಕೆ ಜೀವವಿಜ್ಞಾನಿ ಪುಷ್ಪ ಭಾರ್ಗವ ಅವರೊಬ್ಬರ ಉದಾಹರಣೆ ಸಾಕು. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರವನ್ನು ಕಟ್ಟಿದ ಅವರು, ಆಡಳಿತಗಾರ ಪಿ. ಎನ್. ಹಕ್ಸರ್ ಮತ್ತು ಕನ್ನಡಿಗ ಭೌತವಿಜ್ಞಾನಿ ರಾಜಾ ರಾಮಣ್ಣ ಅವರೊಡನೆ ಸೇರಿ 1981ರಲ್ಲಿ ವೈಜ್ಞಾನಿಕ ಮನೋಭಾವದ ಕುರಿತ ಹೇಳಿಕೆಯೊಂದನ್ನು ಹೊರತಂದವರಲ್ಲಿ ಪ್ರಮುಖರು. ಸಂವಿಧಾನಕ್ಕೆ 1976ರ ತಿದ್ದುಪಡಿಯಿಂದ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವವೂ ಒಂದೆಂಬುದು ಆ ಚರ್ಚೆಯ ಹಿನ್ನೆಲೆಯಲ್ಲಿತ್ತು. ಆ ಹೇಳಿಕೆಗೆ ಎದುರಾಗಿ ಚಿಂತಕ ಆಶಿಶ್ ನಂದಿಯವರು, ವಿಜ್ಞಾನವನ್ನೂ ಪ್ರಶ್ನಿಸಬಲ್ಲ ಮಾನವೀಯ ಮನೋಭಾವ ಬೇಕೆಂದು ವಾದಿಸಿದ್ದರು. ಅದೇ ಭಾರ್ಗವ ಅವರು 2008ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ತಜ್ಞರ ಸಮಿತಿಯ ಸಭೆಗಳಿಗೆ ಆಹ್ವಾನಿತರಾಗಿ ಹೋಗಿ, ನಡೆಯಬೇಕಾದ ಪರೀಕ್ಷೆಗಳು ನಡೆದಿಲ್ಲವೆಂದು ಬಿಟಿ ಬದನೆಯನ್ನು ಬಲವಾಗಿ ವಿರೋಧಿಸಿದರು. ವೈಜ್ಞಾನಿಕ ಮನೋಭಾವದ ಧ್ವಜ ಹಿಡಿದಿದ್ದ ವ್ಯಕ್ತಿಯನ್ನೇ ವಿಜ್ಞಾನವಿರೋಧಿಗಳ ಸಾಲಿಗೆ ನಿಲ್ಲಿಸುವ ವಿಂಗಡಣೆಯಿಂದ ಯಾವ ಸತ್ಯವೂ ತಿಳಿಯುವಂತಿಲ್ಲ.

ವ್ಯಕ್ತಿಯನ್ನು ಬಿಟ್ಟು ಮಾತಿನ ಯೋಗ್ಯತೆಯನ್ನು ನೋಡಬೇಕೆಂಬ ಎಚ್ಚರ ನ್ಯಾಯದರ್ಶನದಲ್ಲಿ ಬಹಳ ಹಿಂದೆಯೇ ಇದೆ. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ಗೌತಮನ ನ್ಯಾಯಸೂತ್ರ ಹೇಳುತ್ತದೆ. ಆಪ್ತನೆಂದರೆ ಯಾರೆಂಬುದನ್ನು ಅದರ ಭಾಷ್ಯಕಾರನಾದ ವಾತ್ಸ್ಯಾಯನ ವಿವರಿಸುವಾಗ ಎರಡು ಷರತ್ತುಗಳನ್ನು ಮುಂದಿಡುತ್ತಾನೆ: ಹೇಳುವವನು ತಾನು ಹೇಳುವ ವಸ್ತುವನ್ನು ಸಾಕ್ಷಾತ್ತಾಗಿ ಅರಿತಿರಬೇಕು, ಮತ್ತು ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆ ಅವನಿಗಿರಬೇಕು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸ್ಪಷ್ಟವಾಗಿ ಸೇರಿಸುತ್ತಾನೆ. ವೇದಪ್ರಾಮಾಣ್ಯವನ್ನು ಒಪ್ಪುವ ದರ್ಶನವೊಂದು, ನಂಬಲರ್ಹತೆಯನ್ನು ಕುಲಕ್ಕಾಗಲಿ ಸ್ಥಾನಕ್ಕಾಗಲಿ ಕಟ್ಟಿಹಾಕದೆ ವಿಷಯದ ಅರಿವಿಗೂ ಪ್ರಾಮಾಣಿಕತೆಗೂ ಕಟ್ಟಿರುವುದು ಗಮನಾರ್ಹ.

ಮೊದಲ ಷರತ್ತನ್ನು ಬದನೆಗೆ ಅನ್ವಯಿಸಿದರೆ, ಬಿಟಿ ಬದನೆ ಸುರಕ್ಷಿತವೇ ಎಂಬ ಒಂದೇ ಪ್ರಶ್ನೆಯೊಳಗೆ ಹಲವು ಪ್ರಶ್ನೆಗಳು ಅಡಗಿರುವುದು ಕಾಣುತ್ತದೆ. ಬಿಟಿ ಪ್ರೋಟೀನು ಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ, ಅಲ್ಲಿನ ಕೋಶಗಳ ಮೇಲಿರುವ ಗ್ರಾಹಕಗಳಿಗೆ ಅಂಟಿಕೊಂಡು, ಕರುಳಿನ ಗೋಡೆಯನ್ನು ತೂತು ಮಾಡುತ್ತದೆ. ಮನುಷ್ಯನ ಹೊಟ್ಟೆ ಆಮ್ಲೀಯವಾದ್ದರಿಂದಲೂ ಅವನ ಕರುಳಿನಲ್ಲಿ ಅಂಥ ಗ್ರಾಹಕಗಳಿಲ್ಲದ್ದರಿಂದಲೂ ಹಾಗಾಗುವ ಸಂಭವವಿಲ್ಲ ಎಂಬ ಮಾತಿನಲ್ಲಿ ಜೀವರಸಾಯನಶಾಸ್ತ್ರಜ್ಞನೇ ಆಪ್ತ. ಆದರೆ ಹುಳುವು ಈ ಪ್ರೋಟೀನಿಗೆ ಒಗ್ಗಿಕೊಳ್ಳಲು ಎಷ್ಟು ವರ್ಷ ಹಿಡಿಯುತ್ತದೆಂಬುದನ್ನು ಅವನಿಗಿಂತ ಕೀಟಶಾಸ್ತ್ರಜ್ಞ ಚೆನ್ನಾಗಿ ಬಲ್ಲ. ಒಗ್ಗದಂತೆ ತಡೆಯಲು ಹೊಲದ ಅಂಚಿನಲ್ಲಿ ಬಿಟಿಯಲ್ಲದ ಗಿಡಗಳನ್ನು ಬೆಳೆಸಬೇಕೆಂಬ ನಿಯಮವನ್ನು ಅರ್ಧ ಎಕರೆಯ ಹಿಡುವಳಿದಾರ ಪಾಲಿಸಲಾದೀತೇ ಎಂಬುದನ್ನು ಅವರಿಬ್ಬರಿಗಿಂತಲೂ ಚೆನ್ನಾಗಿ ಬಲ್ಲವನು ರೈತ. ಪರಾಗದ ಮೂಲಕ ಪಕ್ಕದ ಹೊಲದ ನಾಟಿ ತಳಿ ಬೆರಕೆಯಾಗುವ ಪ್ರಮಾಣವನ್ನು ಸಸ್ಯಶಾಸ್ತ್ರಜ್ಞ ಅಳೆಯಬಲ್ಲನಾದರೂ, ಬೆರಕೆಯಾದರೆ ಕೈತಪ್ಪುವ ಮಾರುಕಟ್ಟೆ ಯಾವುದೆಂಬುದು ಬೆಳೆಗಾರನಿಗೇ ಗೊತ್ತು. ಹೀಗೆ ಆಪ್ತತ್ವವು ಪ್ರಶ್ನೆಯೊಂದಿಗೆ ಕೈ ಬದಲಾಯಿಸುತ್ತದೆ. ಒಂದು ವಿಷಯದಲ್ಲಿ ಆಪ್ತನಾದವನು ಆ ಗೌರವದ ಬಲದಿಂದಲೇ ಉಳಿದೆಲ್ಲ ವಿಷಯಗಳಲ್ಲೂ ತೀರ್ಪು ಕೊಡತೊಡಗಿದಾಗ, ಅವನು ವಿಜ್ಞಾನಿಯಾಗಿರಲಿ ಚಳವಳಿಗಾರನಾಗಿರಲಿ, ಅವನ ಮಾತು ಪ್ರಮಾಣದ ಗಡಿ ದಾಟಿರುತ್ತದೆ.

ಅರಿತದ್ದನ್ನು ಅರಿತಂತೆ ಹೇಳುವ ಇಚ್ಛೆಯೆಂಬ ಎರಡನೆಯ ಷರತ್ತಿನಲ್ಲಿ ಎರಡು ಕಡೆಯವರೂ ಎಡವಿದ್ದಾರೆ. ಬದನೆಯ ಸುರಕ್ಷತೆಯ ಪರೀಕ್ಷೆಗಳನ್ನು ನಡೆಸಿದ್ದೂ ನಡೆಸಿಸಿದ್ದೂ ಅದನ್ನು ಮಾರಲಿದ್ದ ಕಂಪನಿಯೇ. ಆ ಪರೀಕ್ಷೆಗಳ ಪೂರ್ಣ ವಿವರ ಸಾರ್ವಜನಿಕರ ಕೈಗೆ ಬಂದದ್ದು ಮಾಹಿತಿ ಹಕ್ಕಿನ ಅರ್ಜಿ ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ, 2008ರಲ್ಲಿ. ತಡೆ ಘೋಷಣೆಯಾದ ಮೇಲೆ ದೇಶದ ಆರು ವಿಜ್ಞಾನ ಅಕಾಡೆಮಿಗಳು ಸೇರಿ 2010ರ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ವರದಿಯು ಬಿಟಿ ಬದನೆಯ ಸೀಮಿತ ಬಿಡುಗಡೆಗೆ ಶಿಫಾರಸು ಮಾಡಿತು. ಆದರೆ ಅದರ ಕೆಲವು ಭಾಗಗಳು ಬಿಟಿ ಬದನೆಯ ಪರವಾಗಿ ಮೊದಲೇ ಪ್ರಕಟವಾಗಿದ್ದ ಬರಹದಿಂದ ಯಥಾವತ್ತಾಗಿ ಇಳಿದುಬಂದಿದ್ದವೆಂಬುದು ಬಯಲಾಗಿ, ವರದಿಯನ್ನು ಪರಿಷ್ಕರಿಸಬೇಕಾಯಿತು. ಇನ್ನೊಂದು ಕಡೆ, 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಕರ್ನಾಟಕ ರಾಜ್ಯ ರೈತ ಸಂಘವು ಬಿಟಿ ಹತ್ತಿಯ ಪ್ರಯೋಗ ತಾಕುಗಳನ್ನು ಕಿತ್ತು ಸುಟ್ಟಾಗ, ಆ ಹತ್ತಿಯಲ್ಲಿ ಅಂತಕ ತಂತ್ರಜ್ಞಾನವಿದೆಯೆಂಬ ಮಾತು ಎಲ್ಲೆಡೆ ಹರಡಿತ್ತು. ಅಂತಕ ತಂತ್ರಜ್ಞಾನವೆಂದರೆ ಬೆಳೆದ ಬೀಜ ಮುಂದಿನ ಹಂಗಾಮಿಗೆ ಮೊಳೆಯದಂತೆ ಮಾಡುವ ವಿಧಾನ. ಅದಕ್ಕೆ ಅಮೆರಿಕದಲ್ಲಿ ಅದೇ ವರ್ಷದ ಮಾರ್ಚಿನಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜವಾದರೂ, ರಾಯಚೂರಿನ ಹತ್ತಿಯಲ್ಲಿ ಅದು ಇರಲಿಲ್ಲ. ಕಾಗದದ ಮೇಲಿದ್ದ ಭಯವನ್ನು ಹೊಲದಲ್ಲಿದ್ದ ಗಿಡಕ್ಕೆ ಆರೋಪಿಸಿದ್ದು ಚಳವಳಿಯ ನ್ಯಾಯವಾದ ಇತರ ಪ್ರಶ್ನೆಗಳನ್ನೂ ಸಂಶಯಕ್ಕೆ ಈಡುಮಾಡಿತು.

ಆಪ್ತತ್ವದ ಪರೀಕ್ಷೆಯಷ್ಟೇ ಮುಖ್ಯವಾದ ಇನ್ನೊಂದು ಸಾಧನ ಅನುಪಲಬ್ಧಿಯ ವಿಚಾರ. ಒಂದು ವಸ್ತು ಇಲ್ಲವೆಂಬುದನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ, ಅದು ಕಾಣದಿರುವುದರಿಂದ ಎಂದು ಉತ್ತರಿಸಿ, ಕಾಣದಿರುವಿಕೆಯನ್ನೇ ಪ್ರತ್ಯೇಕ ಪ್ರಮಾಣವೆಂದು ಕುಮಾರಿಲಭಟ್ಟನ ಮೀಮಾಂಸಾ ಪಂಥವೂ ಅದ್ವೈತಿಗಳೂ ಒಪ್ಪಿದರು. ಅದಕ್ಕೆ ಅನುಪಲಬ್ಧಿಯೆಂದು ಹೆಸರು. ಆದರೆ ಎಲ್ಲ ಕಾಣದಿರುವಿಕೆಯೂ ಇಲ್ಲದಿರುವಿಕೆಗೆ ಪ್ರಮಾಣವಾಗದು. ಬೆಳಕಿರುವ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆನ್ನಬಹುದು, ಕತ್ತಲ ಕೋಣೆಯಲ್ಲಿ ಹಾಗೆನ್ನಲಾಗದು. ಇದ್ದಿದ್ದರೆ ಕಾಣಲೇಬೇಕಾಗಿತ್ತೆಂಬ ಸನ್ನಿವೇಶದಲ್ಲಿ ಕಾಣದಿದ್ದರೆ ಮಾತ್ರ ಅದು ಯೋಗ್ಯವಾದ ಅನುಪಲಬ್ಧಿ. ಅನುಪಲಬ್ಧಿಯನ್ನು ಅನುಮಾನದ ಹೇತುವಾಗಿ ಎಣಿಸುವ ಬೌದ್ಧ ತಾರ್ಕಿಕ ಧರ್ಮಕೀರ್ತಿಯೂ ಇದೇ ಷರತ್ತನ್ನು ವಿಧಿಸುತ್ತಾನೆ. ಹಾನಿಯಾದುದಕ್ಕೆ ಪುರಾವೆಯಿಲ್ಲ ಎಂದು ತಜ್ಞರ ಸಮಿತಿಗಳು ಹೇಳುವ ಮಾತು ತತ್ತ್ವಶಃ ಒಂದು ಅನುಪಲಬ್ಧಿಯ ವಾಕ್ಯ. ಅದರ ಬೆಲೆ, ಹಾನಿ ಇದ್ದಿದ್ದರೆ ಕಾಣುವಷ್ಟು ಬೆಳಕು ಆ ಪರೀಕ್ಷೆಯಲ್ಲಿತ್ತೇ ಎಂಬುದರ ಮೇಲೆ ನಿಂತಿದೆ. ಬಿಟಿ ಬದನೆಯನ್ನು ಇಲಿಗಳಿಗೆ ತಿನ್ನಿಸಿ ನಡೆಸಿದ ಪರೀಕ್ಷೆಯ ಅವಧಿ 90 ದಿನ. ಇದು ಅಂತರರಾಷ್ಟ್ರೀಯವಾಗಿ ರೂಢಿಯಲ್ಲಿರುವ ಅವಧಿಯೇ ಆಗಿದ್ದು, ಯಕೃತ್ತಿಗೋ ಮೂತ್ರಪಿಂಡಕ್ಕೋ ಬೇಗನೆ ಆಗುವ ಹಾನಿಯನ್ನು ಕಾಣಲು ಸಾಕು. ವರ್ಷಗಟ್ಟಲೆ ತಿಂದ ಬಳಿಕ ಕಾಣಬಹುದಾದ ಹಾನಿಯ ಮಟ್ಟಿಗೆ ಅದು ಕತ್ತಲ ಕೋಣೆ.

ಇಷ್ಟಕ್ಕೇ ನಿಂತರೆ ಈ ವಾದ ಚಳವಳಿಗಾರರ ಕೈಯಲ್ಲಿ ಬೇಕಾದಂತೆ ಹಿಗ್ಗಬಲ್ಲದು, ಏಕೆಂದರೆ ಎಷ್ಟೇ ಪರೀಕ್ಷೆ ನಡೆದರೂ ಇನ್ನಷ್ಟು ಬೇಕಿತ್ತೆಂದು ಹೇಳುವುದು ಯಾವಾಗಲೂ ಸಾಧ್ಯ. ಯೋಗ್ಯತೆಯ ಷರತ್ತು ಆ ಬದಿಗೂ ಅಷ್ಟೇ ಬಿಗಿಯಾಗಿ ಅನ್ವಯಿಸುತ್ತದೆ. ಫ್ರಾನ್ಸಿನ ವಿಜ್ಞಾನಿ ಸೆರಾಲಿನಿ ಮತ್ತು ಸಂಗಡಿಗರು ಕುಲಾಂತರಿ ಮೆಕ್ಕೆಜೋಳವನ್ನು ಎರಡು ವರ್ಷ ಕಾಲ ಇಲಿಗಳಿಗೆ ತಿನ್ನಿಸಿ, ಗಡ್ಡೆಗಳೆದ್ದ ಇಲಿಗಳ ಚಿತ್ರಗಳೊಡನೆ 2012ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನಾದ್ಯಂತ ಚಳವಳಿಗಳ ಮುಖ್ಯ ಆಧಾರವಾಯಿತು. ಅವರು ಆರಿಸಿಕೊಂಡ ಇಲಿಯ ತಳಿಗೆ ವಯಸ್ಸಾದಂತೆ ತಾನಾಗಿಯೇ ಗಡ್ಡೆಗಳು ಏಳುವುದು ಸಾಮಾನ್ಯ; ಪ್ರತಿ ಗುಂಪಿನಲ್ಲಿ ಇದ್ದ ಇಲಿಗಳೋ ಹತ್ತೇ. ಅಂಥಲ್ಲಿ ಗಡ್ಡೆ ಆಹಾರದಿಂದ ಬಂತೋ ವಯಸ್ಸಿನಿಂದ ಬಂತೋ ಎಂದು ಬಿಡಿಸಿ ಹೇಳಲಾಗದು. ಪತ್ರಿಕೆಯು ಮರುವರ್ಷ ಆ ಲೇಖನವನ್ನು ಹಿಂತೆಗೆದುಕೊಂಡಿತು. 2014ರಲ್ಲಿ ಅದು ಬೇರೊಂದು ಪತ್ರಿಕೆಯಲ್ಲಿ ಮತ್ತೆ ಅಚ್ಚಾಯಿತು. 90 ದಿನದ ಪರೀಕ್ಷೆಗೆ ಕಾಣುವ ಶಕ್ತಿ ಕಡಿಮೆಯಾಗಿದ್ದರೆ, ಎರಡು ವರ್ಷದ ಈ ಪರೀಕ್ಷೆಗೆ ಬೇರ್ಪಡಿಸುವ ಶಕ್ತಿ ಇರಲಿಲ್ಲ. ಆದ್ದರಿಂದ ಸುರಕ್ಷಿತವೆನ್ನುವವನೂ ಅಪಾಯಕಾರಿಯೆನ್ನುವವನೂ ಮೊದಲೇ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಯಾವ ಪರೀಕ್ಷೆಯಲ್ಲಿ ಏನು ಕಂಡರೆ, ಅಥವಾ ಏನು ಕಾಣದಿದ್ದರೆ, ತನ್ನ ಪಕ್ಷವನ್ನು ಬಿಟ್ಟುಕೊಡಲು ಅವನು ಸಿದ್ಧ? ಇದಕ್ಕೆ ಉತ್ತರವಿಲ್ಲದ ನಂಬಿಕೆ ಪ್ರಯೋಗಾಲಯದಲ್ಲಿ ಹುಟ್ಟಿದ್ದರೂ ವಿಜ್ಞಾನವೆನಿಸದು, ಉತ್ತರವಿಲ್ಲದ ಸಂದೇಹ ಜನಹಿತಕ್ಕಾಗಿ ಹುಟ್ಟಿದ್ದರೂ ವಿವೇಕವೆನಿಸದು.

ಮಾತಿನ ವಿಧಾನವನ್ನೂ ನ್ಯಾಯಶಾಸ್ತ್ರ ವಿಂಗಡಿಸಿದೆ. ಸತ್ಯವನ್ನು ತಿಳಿಯಲೆಂದು ಪ್ರಮಾಣ ಮತ್ತು ತರ್ಕಗಳಿಂದ ನಡೆಸುವ ಚರ್ಚೆ ವಾದ. ಗೆಲ್ಲಲೆಂದೇ ಮಾತಿನ ತಂತ್ರಗಳನ್ನೂ ಬಳಸಿ ನಡೆಸುವುದು ಜಲ್ಪ. ತನ್ನದೆಂದು ಯಾವ ಪಕ್ಷವನ್ನೂ ಸ್ಥಾಪಿಸದೆ ಎದುರಾಳಿಯನ್ನು ಕೆಡವುವುದನ್ನಷ್ಟೇ ಮಾಡುವುದು ವಿತಂಡ. ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥ ಹಚ್ಚಿ ಖಂಡಿಸುವುದಕ್ಕೆ ಛಲವೆಂದು ಹೆಸರು. ಹುಳುವಿಗೆ ವಿಷವಾದ ಪ್ರೋಟೀನನ್ನು ಮುಂದಿಟ್ಟುಕೊಂಡು, ವಿಷವೆಂದು ನೀವೇ ಒಪ್ಪಿದ್ದೀರಿ, ಜನರಿಗೆ ವಿಷ ತಿನ್ನಿಸುತ್ತಿದ್ದೀರಿ ಎಂದವರದು ಒಂದು ಛಲ. ತಳಿ ಆಯ್ಕೆ ಮಾಡತೊಡಗಿದಂದಿನಿಂದ ಮನುಷ್ಯ ಬೆಳೆಗಳ ವಂಶವಾಹಿಯನ್ನು ಬದಲಿಸುತ್ತಲೇ ಇದ್ದಾನೆ, ಇದೂ ಅಂಥದೇ ಒಂದು ಬದಲಾವಣೆ ಎಂದವರದು ಇನ್ನೊಂದು. ಬದಲಾವಣೆಯೆಂಬ ಸಾಮಾನ್ಯ ಧರ್ಮವನ್ನು ಹಿಡಿದು ಬ್ಯಾಕ್ಟೀರಿಯಾದ ವಂಶವಾಹಿ ಬದನೆಗೆ ಬಂದ ವಿಶೇಷವನ್ನು ಅದು ಮರೆಸುತ್ತದೆ. ಏಳು ನಗರಗಳ ಸಭೆಗಳಲ್ಲಿ ವಾದವೂ ಇತ್ತು, ಜಲ್ಪವೂ ಇತ್ತು. ಸಾವಿರಾರು ಜನ ಸೇರಿ ಘೋಷಣೆ ಕೂಗುವ ಸಭಾಂಗಣದಲ್ಲಿ ವಾದಕ್ಕಿಂತ ಜಲ್ಪಕ್ಕೆ ಅವಕಾಶ ಹೆಚ್ಚು.

ಹಾಗೆಂದು ಜಲ್ಪವನ್ನು ನ್ಯಾಯಸೂತ್ರ ಸಂಪೂರ್ಣವಾಗಿ ತಳ್ಳಿಹಾಕುವುದಿಲ್ಲ. ಬೀಜ ಮೊಳೆತ ಹೊಲಕ್ಕೆ ಮುಳ್ಳುಬೇಲಿ ಕಟ್ಟುವಂತೆ, ಹುಟ್ಟುತ್ತಿರುವ ತತ್ತ್ವನಿರ್ಣಯವನ್ನು ಕಾಪಾಡಲು ಜಲ್ಪ ವಿತಂಡಗಳನ್ನು ಬಳಸಬಹುದೆಂದು ಅದು ಹೇಳುತ್ತದೆ. ಚಳವಳಿಯ ಗದ್ದಲಕ್ಕೆ ಸಲ್ಲಬೇಕಾದ ಗೌರವವೂ ಅದರ ಮಿತಿಯೂ ಈ ಹೋಲಿಕೆಯಲ್ಲಿ ಒಟ್ಟಿಗೇ ಇವೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಹಠ ಹಿಡಿದು ಬೆನ್ನಟ್ಟದಿದ್ದರೆ ಪರೀಕ್ಷೆಯ ವಿವರಗಳು ಹೊರಬರುತ್ತಿರಲಿಲ್ಲ, ಬೀದಿಯಲ್ಲಿ ಒತ್ತಡವಿಲ್ಲದಿದ್ದರೆ ಸಚಿವರು ಊರೂರಿಗೆ ಹೋಗಿ ಕೇಳುತ್ತಲೂ ಇರಲಿಲ್ಲ. ಅಷ್ಟರಮಟ್ಟಿಗೆ ಬೇಲಿ ತನ್ನ ಕೆಲಸ ಮಾಡಿತು. ಬೇಲಿಯೊಳಗೆ ಬೆಳೆ ತೆಗೆಯುವ ಕೆಲಸ, ಅಂದರೆ ಕಂಪನಿಯ ಹಂಗಿಲ್ಲದ ಸ್ವತಂತ್ರ ಪರೀಕ್ಷೆ, ಬೇರೆಯವರು ಬೇರೆ ವಿಧಾನದಿಂದ ಮಾಡಬೇಕಾದದ್ದು.

ಪ್ರಮಾಣಗಳೆಲ್ಲ ಸರಿಹೋದ ಮೇಲೂ ಉಳಿಯುವ ಒಂದು ಪ್ರಶ್ನೆಯಿದೆ. ಇರುವುದನ್ನು ತಿಳಿಸುವ ಪ್ರತ್ಯಕ್ಷ ಅನುಮಾನಗಳು, ಮಾಡಬೇಕಾದುದೇನೆಂಬುದನ್ನು ತಿಳಿಸಲಾರವು ಎಂಬುದು ಮೀಮಾಂಸಕರ ಮೂಲಭೂತ ನಿಲುವು. ಆ ಅರಿವಿಗೆ ವೇದವೇ ಮೂಲವೆಂಬ ಅವರ ಉತ್ತರವನ್ನು ಇಂದಿನ ಸಾರ್ವಜನಿಕ ಚರ್ಚೆ ಒಪ್ಪಬೇಕಾಗಿಲ್ಲವಾದರೂ, ಎರಡನ್ನೂ ಬೆರೆಸಬಾರದೆಂಬ ಎಚ್ಚರ ಇಂದಿಗೂ ಬೇಕು. ಉಡುಪಿಯ ಕಟಪಾಡಿ ಸಮೀಪದ ಮಟ್ಟು ಗ್ರಾಮದಲ್ಲಿ ಬೆಳೆಯುವ, ಗುಂಡಗಿನ ತಿಳಿಹಸಿರು ಬದನೆಯಾದ ಮಟ್ಟುಗುಳ್ಳ ಇದಕ್ಕೆ ತಕ್ಕ ನಿದರ್ಶನ. ಸೋದೆ ಮಠದ ವಾದಿರಾಜ ಯತಿಗಳು ಅದರ ಬೀಜವನ್ನು ಊರವರಿಗೆ ಕೊಟ್ಟರೆಂಬುದು ಅಲ್ಲಿಯ ನಂಬಿಕೆ. ಶ್ರೀಕೃಷ್ಣ ಮಠಕ್ಕೂ ಆ ಗುಳ್ಳಕ್ಕೂ ಇರುವ ನಂಟು ಹಳೆಯದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಧಾರವಾಡದಲ್ಲಿ ಬಿಟಿ ವಂಶವಾಹಿ ಸೇರಿಸಲು ಆರಿಸಿದ ತಳಿಗಳಲ್ಲಿ ಉಡುಪಿ, ಕುಡಚಿ ಮೊದಲಾದ ಊರುಗಳ ಹೆಸರಿನ ಸ್ಥಳೀಯ ಬದನೆಗಳೂ ಇದ್ದುದರಿಂದ, ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಡೆಯಬೇಕಾದ ಅನುಮತಿಯನ್ನು ಪಡೆದಿಲ್ಲವೆಂಬ ದೂರು ಎದ್ದಿತು. ವಾದಿರಾಜರ ಮೇಲಿನ ಭಕ್ತಿ ಬಿಟಿ ಪ್ರೋಟೀನು ಕರುಳಿಗೆ ಹಾನಿಕರವೆಂಬುದಕ್ಕೆ ಸಾಕ್ಷಿಯಾಗಲಾರದು. ಅದೇ ರೀತಿ, ಪ್ರೋಟೀನು ನಿರಪಾಯಕಾರಿಯೆಂಬ ಸಾಕ್ಷ್ಯವು ಆ ಊರಿನವರು ತಮ್ಮ ತಳಿ ಬೆರಕೆಯಾಗುವುದನ್ನು ಸಹಿಸಿಕೊಳ್ಳಬೇಕೆಂಬುದಕ್ಕೆ ಆಧಾರವಾಗಲಾರದು. ಒಂದು ಸಂಗತಿಯ ಪ್ರಶ್ನೆ, ಇನ್ನೊಂದು ಹಕ್ಕಿನ ಮತ್ತು ಮೌಲ್ಯದ ಪ್ರಶ್ನೆ. ಮೌಲ್ಯದ ಆಕ್ಷೇಪವನ್ನು ಮೌಲ್ಯದ್ದೆಂದೇ ಹೇಳಿದರೆ ಯಾರೂ ಕೇಳುವುದಿಲ್ಲವೆಂಬ ಅಂಜಿಕೆಯಿಂದ ಚಳವಳಿಗಳು ಅದಕ್ಕೆ ಆರೋಗ್ಯದ ವೇಷ ತೊಡಿಸುತ್ತವೆ. ಆರೋಗ್ಯದ ಪ್ರಶ್ನೆಗೆ ಉತ್ತರ ಕೊಟ್ಟೊಡನೆ ಎಲ್ಲ ಆಕ್ಷೇಪಗಳೂ ಮುಗಿದವೆಂದು ತಜ್ಞರು ಭಾವಿಸುತ್ತಾರೆ. ಸಾರ್ವಜನಿಕ ವಿವಾದಗಳ ಬಹುಪಾಲು ಕಹಿ ಹುಟ್ಟುವುದು ಈ ವೇಷಾಂತರದಿಂದ.

ತಡೆಯ ನಂತರದ ವರ್ಷಗಳು ಎರಡು ಪಕ್ಷಗಳಿಗೂ ಅರ್ಧರ್ಧ ಸಾಕ್ಷ್ಯವನ್ನು ಕೊಟ್ಟಿವೆ. ಬಾಂಗ್ಲಾದೇಶವು ಇದೇ ಬಿಟಿ ಬದನೆಗೆ 2013ರಲ್ಲಿ ಅನುಮತಿ ಕೊಟ್ಟು, 2014ರ ಆರಂಭದಲ್ಲಿ 20 ರೈತರಿಗೆ ಸಸಿ ಹಂಚಿತು. ಅಲ್ಲಿ ಕೀಟನಾಶಕದ ಬಳಕೆ ಇಳಿದುದನ್ನು ಮುಂದಿನ ಅಧ್ಯಯನಗಳು ದಾಖಲಿಸಿವೆ. ಭಾರತದಲ್ಲಿ 2002ರಿಂದ ಬೆಳೆಯುತ್ತಿರುವ ಬಿಟಿ ಹತ್ತಿಗೆ ಗುಜರಾತಿನ ಗುಲಾಬಿ ಕಾಯಿಕೊರಕ ಒಗ್ಗಿಕೊಂಡಿದೆಯೆಂದು ಮಾನ್ಸಾಂಟೊ ಕಂಪನಿಯೇ 2010ರಲ್ಲಿ ಒಪ್ಪಿಕೊಂಡಿತು. ಒಗ್ಗಿಕೊಳ್ಳುವ ಅಪಾಯದ ಬಗ್ಗೆ ಎಚ್ಚರಿಸಿದವರ ಮಾತು ಆ ವಿಷಯದಲ್ಲಿ ಪ್ರಮಾಣವಾಯಿತು. ಕುಲಾಂತರಿ ಸಾಸಿವೆಗೆ 2022ರಲ್ಲಿ ಸಿಕ್ಕ ಅನುಮತಿಯ ಕುರಿತು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2024ರ ಜುಲೈಯಲ್ಲಿ ಭಿನ್ನ ತೀರ್ಪು ನೀಡಿದರು. ಬದನೆಯ ಮೇಲಿನ ತಡೆ ಮಾತ್ರ ತೆರವಾಗದೆ ಉಳಿದಿದೆ.

ನ್ಯಾಯಶಾಸ್ತ್ರದಲ್ಲಿ ಸಂಶಯವು ದೋಷವಲ್ಲ, ವಿಚಾರದ ಆರಂಭ. ಪಕ್ಷ ಪ್ರತಿಪಕ್ಷಗಳನ್ನು ತೂಗಿ ಒಂದನ್ನು ನಿಶ್ಚಯಿಸುವುದು ನಿರ್ಣಯ, ವಿಚಾರದ ಕೊನೆ. ಫೆಬ್ರವರಿ 9ರ ತಡೆಯನ್ನು ಸಂಶಯದ ಘೋಷಣೆಯೆಂದು ಓದಿದರೆ ಅದು ಸರಿಯಾದ ನಡೆಯೇ ಆಗಿತ್ತು, ಏಕೆಂದರೆ ನಡೆದ ಪರೀಕ್ಷೆಗಳ ಯೋಗ್ಯತೆಯಲ್ಲಿ ಸಂಶಯಕ್ಕೆ ಕಾರಣವಿತ್ತು. ಆದರೆ ಸ್ವತಂತ್ರ ಅಧ್ಯಯನಗಳು ಜನರಿಗೂ ತಜ್ಞರಿಗೂ ತೃಪ್ತಿಯಾಗುವಂತೆ ಸುರಕ್ಷತೆಯನ್ನು ತೋರಿಸುವವರೆಗೆ ತಡೆ ಇರುತ್ತದೆಂಬುದು ಆ ಆದೇಶದ ಷರತ್ತಾಗಿತ್ತು. ಯಾವ ಪರೀಕ್ಷೆ, ಯಾರಿಂದ, ಎಷ್ಟು ವರ್ಷದೊಳಗೆ, ಏನು ಕಂಡರೆ ಯಾವ ತೀರ್ಮಾನ ಎಂಬುದನ್ನು ಅದು ಗೊತ್ತುಮಾಡಲಿಲ್ಲ. ತೃಪ್ತಿ ವ್ಯಕ್ತಿಗಳ ಗುಣ, ಅದಕ್ಕೆ ಅವಧಿಯಾಗಲಿ ಅಳತೆಗೋಲಾಗಲಿ ಇಲ್ಲ. ಹೀಗಾಗಿ ನಿರ್ಣಯದ ಭಾರವು ಮತ್ತೆ ಪರೀಕ್ಷೆಯಿಂದ ಜಾರಿ, ಯಾರನ್ನು ಒಪ್ಪಿಸಬೇಕೆಂಬ ಹಳೆಯ ಪ್ರಶ್ನೆಯ ಮೇಲೆ ಬಿತ್ತು. ವಿಚಾರಕ್ಕೆಂದು ಕೇಳಿಪಡೆದ ಕಾಲದಲ್ಲಿ ಆ ವಿಚಾರವೇ ನಡೆಯದೆ ಹೋಯಿತು. ಮುಂದೆ ಬರಲಿರುವ ಬೀಜಗಳಿಗೂ ಯಂತ್ರಗಳಿಗೂ ಔಷಧಿಗಳಿಗೂ ಸಂಬಂಧಿಸಿದ ವಿವಾದಗಳಲ್ಲಿ, ಪರವಾಗಿರುವವರೂ ವಿರೋಧಿಸುವವರೂ ಸಭೆಗೆ ಬರುವ ಮುನ್ನವೇ ತಮಗೆ ಒಪ್ಪಿಗೆಯಾಗುವ ಪರೀಕ್ಷೆಯನ್ನು ಬರೆದುಕೊಡಬೇಕೆಂದು ಸರ್ಕಾರವು ವಿಧಿಸಿದರೆ, ಜಗಳ ನಿಲ್ಲದಿದ್ದರೂ, ಯಾವ ಸಾಕ್ಷ್ಯದ ಮುಂದೆ ಯಾರು ಮಾತು ತಪ್ಪಿದರೆಂಬುದು ಎಲ್ಲರಿಗೂ ತಿಳಿಯುತ್ತದೆ.